ಅವಿರೋಧ ಆಯ್ಕೆ ಬೇಡ ಸ್ವಾಮಿ!

ಕಳೆದ ಭಾನುವಾರ ಬೆಳಗ್ಗೆ ಹತ್ತಕ್ಕೇ ನಾನು ನಮ್ಮ ಕನ್ನಡ ಕೂಟದ ಅಧ್ಯಕ್ಷನಾಗಿಬಿಟ್ಟಿದ್ದೆ. ಮೀಟಿಂಗ್ ಇದ್ದದ್ದು ಹನ್ನೊಂದಕ್ಕೆ!

ಹೇಗೆ ಅಂತೀರಾ? ಅವಿರೋಧ ಆಯ್ಕೆ. ನಮ್ಮಲ್ಲಿ ಮೊದಲಿನಿಂದಲೂ ಹಾಗೇ. ನಾಲ್ಕು ಜನ ಹಿರಿಯರು ಫೋನಲ್ಲೇ ಒಂದು ಹೆಸರು ಗೊತ್ತು ಮಾಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಬಿಸಿಬೇಳೆ ಬಾತು. (ನಾನು ಭಾಷಣವನ್ನೂ ಬರೆದಿಟ್ಟುಕೊಂಡಿದ್ದೆ. ಎಷ್ಟು ವರ್ಷದ ಆಸೆ!)

ಈ ಪರದೇಶದ ಅರೋರಾ ಊರಲ್ಲಿ ನಾವು ಮೀಟಿಂಗಿಗೆ ಬಾಡಿಗೆಗೆ ಹಿಡಿಯುವ ಸಭಾಂಗಣ ನೋಡಿಕೊಳ್ಳುವ ಇರೇನಾ ಲಿಥುವೇನಿಯಾದವರು. ಕುರ್ಚಿ ಜೋಡಿಸುತ್ತಾ, "ನಿಮ್ಮ ಎದುರು ಯಾರು ನಿಂತಿದ್ದಾರೆ?" ಎಂದು ಕೇಳಿದರು.

"ಯಾರೂ ಇಲ್ಲ. ಒಂದೇ ಹೆಸರು!" ಎಂದು ಬೀಗಿದೆ.

"ಅಯ್ಯೋ, ಅದು ನನಗೆ ಚೆನ್ನಾಗಿ ಗೊತ್ತು," ಎಂದು ನಕ್ಕುಬಿಟ್ಟರು.

ಸೋವಿಯತ್ ಕಾಲದಲ್ಲಿ ಅವರ ಮತಪತ್ರದಲ್ಲಿ ಒಂದೇ ಹೆಸರಂತೆ. ಗುರುತು ಹಾಕುವ ಗೋಜೇ ಇಲ್ಲ, ಮಡಿಚಿ ಪೆಟ್ಟಿಗೆಗೆ ಹಾಕಿದರಾಯಿತು. ಪರದೆ ಹಿಂದೆ ಹೋದರೆ, ಆ ಹೆಸರು ಹೊಡೆದುಹಾಕಿದರೇನೋ ಎಂದು ಅನುಮಾನ! ಆಮೇಲೆ ದೇಶ ಸ್ವತಂತ್ರವಾಯಿತು. ಅಂಗಡಿಗಳಿಗೆ ಸಾಮಾನು ಬಂತು, ಬೆಲೆ ಮುಗಿಲು ಮುಟ್ಟಿತು. ಫ್ಯಾಕ್ಟರಿ ಮುಚ್ಚಿದ್ದರಿಂದ ಇರೇನಾ ಅವರ ಅಮ್ಮ ತಾವೇ ಹೆಣೆದ ಕಾಲುಚೀಲಗಳನ್ನು ಬೀದಿಯಲ್ಲಿ ಮಾರಿದರು. "ಆದ್ರೂ ಎಷ್ಟು ಖುಷಿ ಇತ್ತು ಗೊತ್ತಾ!"

ಸ್ವತಂತ್ರ ದೇಶದ ಮೊದಲ ಎಲೆಕ್ಷನ್. ಪತ್ರದ ತುಂಬ ಹೆಸರುಗಳು. ಒಳ್ಳೆಯ ಕೋಟು ಹಾಕಿಕೊಂಡು ಹೋದ ಅಮ್ಮ ಹಳೇ ಅಭ್ಯಾಸದಲ್ಲಿ ಗುರುತೇ ಹಾಕದೆ ಮಡಿಚಿ ಹಾಕಿಬಿಟ್ಟರಂತೆ! ಮನೆಗೆ ಬಂದು ಅತ್ತಿದ್ದೇ ಅತ್ತಿದ್ದು.

ನನಗೆ ಒಂಥರಾ ನಾಚಿಕೆಯಾಯಿತು.

ಹನ್ನೊಂದಕ್ಕೆ ನನ್ನ ಹೆಸರು ಹೇಳಿದರು, ಚಪ್ಪಾಳೆ ಶುರುವಾಯಿತು. "ಒಂದ್ನಿಮಿಷ! ಬೇರೆ ಯಾರಾದ್ರೂ ನಿಲ್ತೀರಾ?" ಎಂದುಬಿಟ್ಟೆ. (ಹೆಂಡತಿ ಹಣೆ ಚಚ್ಚಿಕೊಂಡಳು.)

ಹಿಂದಿನ ಸಾಲಿನಿಂದ ಹುಬ್ಬಳ್ಳಿಯಿಂದ ಇಲ್ಲಿಗೆ ಓದಲು ಬಂದ ಕಾಲೇಜು ಹುಡುಗಿ ಪವಿತ್ರಾ ಎದ್ದಳು. "ನಾ ನಿಂದರ್ತೀನ್ರೀ ಸರ್! ಸ್ಟೂಡೆಂಟ್ಸ್‌ಗೆ ಬರೇ ಪಾತ್ರೆ ತೊಳಿಯೋ ಕೆಲಸ ಕೊಡ್ತೀರಿ. ಈ ಸಲ ಮೈಕ್ ಕೊಡ್ರಿ!"

ಅಬ್ಬಬ್ಬಾ, ಎಂಥ ಗಲಾಟೆ! ನೋಟ್‌ಬುಕ್ ಹರಿದು ಚೀಟಿ ಮಾಡಿದೆವು, ಟಿಶ್ಯೂ ಡಬ್ಬವೇ ಮತಪೆಟ್ಟಿಗೆ. ಇಷ್ಟು ವರ್ಷ ತುಟಿ ಬಿಚ್ಚದ ಪಿಕರಿಂಗ್ ಊರಿಂದ ಬರುವ ಮೂರ್ತಿಯವರು, "ಸೀಕ್ರೆಟ್ ಬ್ಯಾಲಟ್ ಕಣ್ರೀ, ಇಣುಕಬೇಡಿ!" ಎಂದು ರೇಗಿದರು. ಬಾತು ಆರಿ ತಣ್ಣಗಾದರೂ ಕೇಳುವವರಿಲ್ಲ. ಎಣಿಕೆ ಮೇಜಿನ ಸುತ್ತ ಮಕ್ಕಳು, ಮುದುಕರು, ಎಲ್ಲರೂ ಮುಗಿಬಿದ್ದಿದ್ದರು.

ಮೂರೇ ವೋಟಿನ ಅಂತರದಲ್ಲಿ ಪವಿತ್ರಾ ಗೆದ್ದಳು. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾದೀತು. ಆದರೆ ನಮ್ಮ ಕೂಟದಲ್ಲಿ ಅಂಥ ಕೇಕೆ ನಾನೆಂದೂ ಕೇಳಿರಲಿಲ್ಲ, ಅದರಲ್ಲಿ ನನ್ನದೂ ಸೇರಿತ್ತು.

ಇರೇನಾ ಓಡಿ ಬಂದು ತಬ್ಬಿಕೊಂಡರು. "ಕಂಗ್ರಾಜುಲೇಷನ್ಸ್! ಇಂಥ ಸೋಲು ನೋಡೋಕೆ ನಾವು ಐವತ್ತು ವರ್ಷ ಕಾದಿದ್ವಿ!"