ಶೇಂಗಾ ಚೀಲದ ಆಸರೆ: ಪರಶುರಾಂಪುರದ ಓಣಿಯಲ್ಲಿ ಬಸವಲಿಂಗಮ್ಮ

ಪರಶುರಾಂಪುರದಲ್ಲಿ ಮೊದಲ ಬಸ್ಸು ಇಳಿದ ಬಸವಲಿಂಗಮ್ಮ ಓಣಿಯ ತಿರುವಿನಲ್ಲೇ ನಿಂತು, ತಾವು ಆರೈಕೆ ಮಾಡುವ ರೋಗಿ ಕಲ್ಲೇಶಪ್ಪನವರ ಹೊಸ್ತಿಲ ಕಡೆ ನೋಡುತ್ತಾರೆ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಅವರ ಕಣ್ಣು ಹುಡುಕುವುದು ಚಪ್ಪಲಿಗಳನ್ನು.

"ಬೆಳಬೆಳಗ್ಗೆ ಚಪ್ಪಲಿ ರಾಶಿ ಬಿದ್ದಿದ್ರೆ ಕೈಕಾಲು ತಣ್ಣಗಾಗ್ತಾವ್ರಿ. ನೆಂಟ್ರು ಸೇರವ್ರೆ ಅಂದ್ರೆ ಮುಗೀತು ಅಂತ್ಲೇ ಲೆಕ್ಕ."

ಇವತ್ತು ಮನೆಯವರ ಚಪ್ಪಲಿ ಮಾತ್ರ ಇವೆ. ಆದರೂ ಒಳಗಿನಿಂದ ಕೆಮ್ಮು ಕೇಳುವವರೆಗೆ ಅವರು ಸೆರಗಿನ ತುದಿಯನ್ನು ಹಿಂಡುತ್ತಲೇ ಇರುತ್ತಾರೆ.

ಚಳ್ಳಕೆರೆಯ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದ ಬಸವಲಿಂಗಮ್ಮ ಈಗ ಸಣ್ಣ ಟ್ರಸ್ಟೊಂದರ ಪರವಾಗಿ, ವಾಸಿಯಾಗದ ರೋಗಿಗಳ ಮನೆಗಳಿಗೆ ಹೋಗುತ್ತಾರೆ. ಸೋತ ಹೃದಯ, ಕೆಟ್ಟ ಶ್ವಾಸಕೋಶ, ಲಕ್ವ. ದಿನಕ್ಕೆ ನಾಲ್ಕೈದು ಮನೆ. ಹುಣ್ಣು ತೊಳೆಯಬೇಕು, ಮಾತ್ರೆ ನುಂಗಿಸಬೇಕು, ಎಸ್‌ಟಿಡಿ ಬೂತಿಗೆ ಓಡಿ ಡಾಕ್ಟರಿಗೆ ಸುದ್ದಿ ಮುಟ್ಟಿಸಬೇಕು. ಇಂಥ ಆರೈಕೆ ಕ್ಯಾನ್ಸರಿನವರಿಗೆ ಮಾತ್ರ ಎಂಬುದು ಜನರ ಎಣಿಕೆ. "ಕ್ಯಾನ್ಸರ್ ಅಲ್ವಲ್ಲ, ಮತ್ತೆ ನೀನ್ಯಾಕೆ ಬಂದೆ ಅಂತಾರೆ. ಸಂಕಟ ಎಲ್ರಿಗೂ ಒಂದೇ ಅಲ್ವೇನ್ರಿ?" ಆಂಧ್ರದ ಗಡಿಗಿರುವ ಮೊಳಕಾಲ್ಮೂರಿನ ಕಡೆ ಹೋದರೆ ಇದೇ ಪ್ರಶ್ನೆ ತೆಲುಗಿನಲ್ಲಿ ಎದುರಾಗುತ್ತದಂತೆ, ಅಷ್ಟೇ ವ್ಯತ್ಯಾಸ.

ಕಲ್ಲೇಶಪ್ಪ ಶೇಂಗಾ ವ್ಯಾಪಾರಿ. ಹೃದಯ ಸೋತು ಎದೆಯಲ್ಲಿ ನೀರು ತುಂಬುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಕೂರಿಸಿಯೇ ಇಡಿ ಎಂದು ಡಾಕ್ಟರು ಹೇಳಿದ್ದರು. ಮೊದಲ ದಿನ ಬಸವಲಿಂಗಮ್ಮ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದರು. ನೋಡಿದ ಹೆಂಡತಿ ಕೊಟ್ರಮ್ಮ ಕಿಟಾರನೆ ಕಿರುಚಿಕೊಂಡರು. ಈ ಲಿಂಗಾಯತ ಮನೆಗಳಲ್ಲಿ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುವುದು ಸತ್ತವರನ್ನು.

"ನಾವೂ ಅದೇ ಜನ. ನನ್ನ ಯಜಮಾನ್ರನ್ನೂ ಹಂಗೇ ಕೂರ್ಸಿ ಕಳ್ಸಿದ್ದು. ಗೊತ್ತಿದ್ದೂ ಹೊಳೀಲಿಲ್ಲ ನೋಡ್ರಿ."

ಕೊಟ್ರಮ್ಮ ಗಂಡನನ್ನು ಮಲಗಿಸಿ, ಇವರನ್ನು ಹೊರಗಟ್ಟಿದರು. ಮರುದಿನ ಕಲ್ಲೇಶಪ್ಪನವರ ತುಟಿ ನೀಲಿಯಾದಾಗ ಕೊಟ್ರಮ್ಮನೇ ಹೇಳಿಕಳಿಸಿದರು. ಬಸವಲಿಂಗಮ್ಮ ಶೇಂಗಾ ಚೀಲವೊಂದನ್ನು ಎದುರಿಗೆ ನಿಲ್ಲಿಸಿ, ಮೇಲೆ ಕಂಬಳಿ ಮಡಚಿಟ್ಟು, ರೋಗಿಯನ್ನು ಅದರ ಮೇಲೆ ಮುಂದಕ್ಕೆ ಬಾಗಿಸಿದರು. "ಹೆಣ ಹಿಂದಕ್ಕೆ ಒರಗ್ತೈತೆ ಅವ್ವಾ. ಇವ್ರು ಮುಂದಕ್ಕೆ ಬಾಗವ್ರೆ, ನೋಡ್ರಿ." ಉಸಿರು ನಿಧಾನವಾಗಿ ಹಳಿಗೆ ಬಂತು.

ಈಗಲೂ ಕಲ್ಲೇಶಪ್ಪ ಚೀಲ ತಬ್ಬಿಯೇ ಕೂತಿದ್ದಾರೆ. "ಜೀವಮಾನವೆಲ್ಲ ಚೀಲ ಹೊರ್ಸಿದೆ. ಈಗ ಚೀಲಾನೇ ನನ್ನ ಹೊತ್ಕಂಡೈತೆ" ಎಂದು ತಡೆತಡೆದು ನಗುತ್ತಾರೆ. ಬಸವಲಿಂಗಮ್ಮನಿಗೆ ನಗು ಬರುವುದಿಲ್ಲ. ಪಾದದ ಬಾವು ನಿನ್ನೆಗಿಂತ ಹೆಚ್ಚಿದೆ. ತಾನಿಲ್ಲದಾಗ ಉಸಿರು ಕಟ್ಟಿದರೆ ಯಾರಾದರೂ ಮಲಗಿಸಿಬಿಟ್ಟಾರು ಎಂಬ ದಿಗಿಲು ಅವರದು. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದು ಕೇಳುತ್ತಾ ಕುಳಿತ ನನಗೂ ಅದು ಅಂಟಿಕೊಳ್ಳುತ್ತದೆ.

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಟ್ಟ ಸದ್ದು. ಬಂದವರು ಕಲ್ಲೇಶಪ್ಪನವರ ಅಣ್ಣ ದೊಡ್ಡೀರಪ್ಪ. ತಮ್ಮನ ಏದುಸಿರು ನೋಡಿ ಗಾಬರಿಯಾಗಿ, "ಹಿಂಗ್ಯಾಕೆ ಕೂರ್ಸೀರಿ? ಮಲಗಿಸ್ರಿ ಮೊದ್ಲು!" ಎಂದು ಚೀಲಕ್ಕೆ ಕೈ ಹಾಕುತ್ತಾರೆ.

ಅಡುಗೆಮನೆಯಿಂದ ಬಂದ ಕೊಟ್ರಮ್ಮ ಚೀಲವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಾರೆ. "ಬದುಕಿರೋರು ಮುಂದಕ್ಕೇ ಬಾಗ್ತಾರ್ರಿ ಭಾವ. ಚೀಲ ಮುಟ್ಟಬ್ಯಾಡ್ರಿ."

ಮುಂದಿನ ಮನೆಗೆ ಹೊರಟ ಬಸವಲಿಂಗಮ್ಮನನ್ನು ನಿಮ್ಮ ಆಸೆ ಏನೆಂದು ಕೇಳಿದೆ. ಅವರು ತಿರುಗಿ ಆ ಹೊಸ್ತಿಲನ್ನೇ ನೋಡಿದರು.

"ವಾಸಿಯಾಗ್ಲಿ ಅಂತ ಕೇಳಾಕಾಗಲ್ಲ. ಹೋದ ಮ್ಯಾಲೆ ಗೋಡೆಗೆ ಒರಗಿಸ್ಲಿ, ವಿಭೂತಿ ನಾನೇ ಹಚ್ತೀನಿ. ಅಲ್ಲೀಗಂಟ ಆ ಚೀಲ ಅಲ್ಲೇ ಇರ್ಲಿ."