ಸೋಮವಾರದ ಎತ್ತುಗಳು

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಆ ದಿನ ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಟ್ಟುಬಿಡುತ್ತಾರೆ. ಎತ್ತಿಗೆ ಆರಾಮ ಅಂದರೆ ರೈತನಿಗೂ ಅರ್ಧ ಆರಾಮ. ಇದು ಅಥಣಿಗೂ ಕಾಗವಾಡಕ್ಕೂ ನಡುವಿನ ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಗೊತ್ತಿರಲಿಲ್ಲ ಅಂತ ಹೇಳಿಕೊಳ್ಳುವ ಹಾಗಿದ್ದರೆ ನಮ್ಮ ಮಾನವಾದರೂ ಉಳಿಯುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರ ಪಕ್ಕದಲ್ಲಿ ಒಂದು ಬೋಳು ದಿನ್ನೆಯಿದೆ. ಗಾಯರಾಣ, ಅಂದರೆ ಯಾರ ಹೆಸರಿಗೂ ಇಲ್ಲದ, ಊರ ದನ ಮೇಯುವ ಜಾಗ. ಅಲ್ಲಿ ಹತ್ತಾರು ಜಾಲಿ ಗಿಡ, ಅವುಗಳ ಬುಡದಲ್ಲಿ ಕೌಜುಗ, ಮೊಲ, ಬೆಳಗಾದರೆ ಕೂಗುವ ನವಿಲು. ಪಂಚಾಯ್ತಿಯವರು ರಸ್ತೆಗೆ ಹಾಕಲು ಅಲ್ಲಿಯ ಗರಸು ಮಣ್ಣು ಅಗೆಯುತ್ತಾರೆಂದು ಸುದ್ದಿ ಬಂತು. ನಾವು ಹನ್ನೊಂದು ಮಂದಿ ಚೇರ್ಮನ್ನರ ಮನೆಗೆ ಹೋಗಿ ಬೇಡವೆಂದೆವು. ಚೇರ್ಮನ್ನರು ನನ್ನ ಅಪ್ಪನ ಗೆಳೆಯರು, ಚೇಷ್ಟೆಯ ಮನುಷ್ಯ.

“ಬೋಳ ದಿನ್ನಿ ಇಟಗೊಂಡ ಏನ ಮಾಡ್ತೀರಿ? ನೂರ ಗಿಡಾ ಹಚ್ರಿ. ಬರೂ ವರ್ಷದ ಮಳಿಗಾಲಕ್ಕ ಐವತ್ತ ಬದುಕಿದ್ರ ದಿನ್ನಿ ನಿಮ್ದು. ಒಂದ ಕಡಿಮಿ ಆದ್ರೂ ಗರಸ ನಮ್ದು,” ಅಂದರು.

ಹಚ್ಚಿದೆವು. ಬೇವು, ಹೊಂಗೆ, ಬಸರಿ. ಕೆಲಸಕ್ಕೆ ಯಾವ ದಿನ ಸೇರುವುದು ಅಂದಾಗ ಕನ್ನಡ ಶಾಲೆಯ ಮಾಸ್ತರರು, “ಸೋಮವಾರ ಬೆಳಿಗ್ಗೆ ಸೇರೂಣು. ಎತ್ತ ಮನ್ಯಾಗ ಇರ್ತಾವ, ಮಂದೀನೂ ಸಿಗತಾರ,” ಅಂದರು. ಎಲ್ಲರೂ ತಲೆಯಾಡಿಸಿದೆವು. ಮಳೆಗಾಲ, ಚಳಿಗಾಲ ಕಳೆ ಕೀಳುವುದರಲ್ಲಿ, ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟುವುದರಲ್ಲಿ ಹೋಯಿತು. ಶಿವರಾತ್ರಿ ಕಳೆದು ನೆಲ ಬಿರಿಯತೊಡಗಿದಾಗ ನೀರು ಬೇಕಾಯಿತು. ನೀರು ಇದ್ದದ್ದು ದಿನ್ನೆಯ ಕೆಳಗಿನ ನಮ್ಮ ಬಾವಿಯಲ್ಲಿ. ಎರಡು ಹಳೇ ಡ್ರಮ್ಮು ತಿಕ್ಕಿ ತೊಳೆದು ನಮ್ಮ ಚಕ್ಕಡಿಗೆ ಕಟ್ಟಿ, ಹನ್ನೊಂದೂ ಮಂದಿ ಎತ್ತು ಬಿಚ್ಚಿಕೊಳ್ಳಲು ನಮ್ಮ ಕೊಟ್ಟಿಗೆಗೆ ಹೋದೆವು. ಅಪ್ಪ ಎತ್ತಿಗೆ ವಿಭೂತಿ ಹಚ್ಚುತ್ತಿದ್ದ.

“ಇವತ್ತ ಯಾವ ವಾರ?” ಅಂದ.

ಎತ್ತಿಗೆ ಬಿಡುವು ಅಂತಲೇ ಆರಿಸಿದ ದಿನ, ಎತ್ತೇ ಬೇಕಾದ ಕೆಲಸ. ಬಹುತೇಕ ಹುಟ್ಟಾ ರೈತರೇ ಆದ ನಮಗೆ ಎಂಟು ತಿಂಗಳಲ್ಲಿ ಒಮ್ಮೆಯೂ ಇದು ಹೊಳೆದಿರಲಿಲ್ಲ. ನನಗೆ ಸಿಟ್ಟು ಬಂತು. ತಪ್ಪು ನನ್ನದೇ ಆದಾಗ ನನಗೆ ಸಿಟ್ಟು ಜಾಸ್ತಿ.

“ಒಂದ ದಿನಾ ಕೊಡಪಾ,” ಅಂದೆ.

“ಬಸವಣ್ಣಗ ಸೂಟಿ ಐತಿ. ನಿಮಗ ಇಲ್ಲಲ್ಲ? ನೀವ ಹೂಡ್ಕೋರಿ.”

ಅಪ್ಪ ಹೇಳಿದ್ದು ಚೇಷ್ಟೆಗೆ. ಆದರೆ ನಮ್ಮೊಳಗೊಬ್ಬ, ಸೈಕಲ್ ರಿಪೇರಿ ಅಂಗಡಿಯ ಚಾಚಾ, ಅದನ್ನು ನಿಜವೆಂದೇ ತೆಗೆದುಕೊಂಡ. ಅಂಗಿಯ ತೋಳು ಮಡಚಿ ನೊಗದ ಬಲಗಡೆ ಹೆಗಲು ಕೊಟ್ಟ. ಚಕ್ಕಡಿ ನಮ್ಮದಾದ್ದರಿಂದ ಎಡಗಡೆ ನಾನು ಹೋಗಲೇಬೇಕಾಯಿತು. ಉಳಿದವರು ಹಿಂದಿನಿಂದ ನೂಕಿದರು. ಓಣಿಯ ಹೆಂಗಸರು ನೀರು ತುಂಬುವುದು ಬಿಟ್ಟು ನೋಡಿದರು. ಅಪ್ಪ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಬಲಗಡಿ ಎತ್ತ ಚಲೋ ಐತಿ. ಎಡಗಡೀದು ಮೈಗಳ್ಳ, ಬರೇ ತಲಿ ಅಲಗಾಡಸ್ತೈತಿ.”

ಅಂದಿನಿಂದ ಊರು ನಮ್ಮನ್ನು ಸೋಮವಾರದ ಎತ್ತುಗಳು ಎಂದೇ ಕರೆಯಿತು. ಕೆಲವರಂತೂ ನಾವು ಹೋಗುವ ದಾರಿಯಲ್ಲಿ ಮೇವು ಹಿಡಿದು ನಿಲ್ಲುತ್ತಿದ್ದರು.

ನಾಲ್ಕು ವಾರ ಎಳೆದ ಮೇಲೆ, ನನ್ನ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದ ಹೆಂಡತಿ ಕೇಳಿದಳು: “ಅಲ್ರೀ, ರವಿವಾರ ಸಂಜಿಗೆ ಎತ್ತ ಹೂಡಿ, ತುಂಬಿದ ಡ್ರಮ್ಮ ಮ್ಯಾಲೆ ಒಯ್ದ ನಿಲ್ಲಿಸಿದ್ರ ಆಗತಿರಲಿಲ್ಲೇನ್ರಿ?”

ಎಣ್ಣೆ ಸಾಕು ಅಂದೆ. ಮರುದಿನ ಮಾಸ್ತರರಿಗೆ ಇದನ್ನು ಹೇಳಿದರೆ ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಆಮೇಲೆ ಕೆಲವು ವಾರ ರವಿವಾರವೇ ಎತ್ತುಗಳು ಡ್ರಮ್ಮು ಮೇಲೇರಿಸಿದವು. ಸೋಮವಾರ ನಾವು ಕೊಡದಿಂದ ಗಿಡಗಳಿಗೆ ನೀರು ಹಾಕಿ, ಉಳಿದದ್ದನ್ನು ಅಲ್ಲಿದ್ದ, ದನ ನೀರು ಕುಡಿಯುವ ಕಲ್ಲಿನ ದೋಣಿಗೆ ಸುರಿಯುತ್ತಿದ್ದೆವು. ನಾವು ಬೆನ್ನು ತಿರುಗಿಸುವುದೇ ತಡ, ನವಿಲುಗಳು ದೋಣಿಗೆ ಬರುತ್ತಿದ್ದವು. ಅವು ಕತ್ತೆತ್ತಿ ನೀರು ನುಂಗುವುದನ್ನು ನೋಡಲು ನಾನೊಬ್ಬ ಜಾಲಿಯ ಮರೆಯಲ್ಲಿ ಉಳಿಯುತ್ತಿದ್ದೆ. ಅಂಥ ಖುಷಿಯನ್ನು ನನ್ನ ದ್ರಾಕ್ಷಿ ತೋಟವೂ ನನಗೆ ಕೊಟ್ಟಿರಲಿಲ್ಲ.

ಮೇ ತಿಂಗಳಲ್ಲಿ ಬಾವಿಯ ತಳ ಕಂಡಿತು. ತೋಟಕ್ಕೆ ಹರಿಸಿದ ಮೇಲೆ ರವಿವಾರ ಸಂಜೆ ಕೊಡ ಮುಳುಗುವಷ್ಟೂ ನೀರು ಇರುತ್ತಿರಲಿಲ್ಲ. ಇರುಳೆಲ್ಲ ಜಿನುಗಿ, ಬೆಳಗಾಗುವ ಹೊತ್ತಿಗೆ ಎರಡು ಡ್ರಮ್ಮಿನಷ್ಟು ಕೂಡುತ್ತಿತ್ತು. ಉಳಿದ ದಿನ ಎತ್ತುಗಳು ನಸುಕಿಗೇ ನೇಗಿಲಿಗೆ ಹೋಗುತ್ತಿದ್ದವು. ಹೀಗಾಗಿ ಸೋಮವಾರದ ನೊಗ ಮತ್ತೆ ನಮ್ಮ ಹೆಗಲಿಗೇ ಬಂತು. ಮದುವೆಗಳ ಕಾಲ ಬೇರೆ. ಮಂದಿ ಮಿರಜಿಗೆ, ನಿಪ್ಪಾಣಿಗೆ ಬೀಗರ ಮನೆಗೆ ಹೋಗಿದ್ದರು. ಒಂದು ಸೋಮವಾರ ಬಂದವರು ಚಾಚಾ, ಮಾಸ್ತರರು ಮತ್ತು ನಾನು, ಮೂವರೇ. ಹಿಂದಿನ ವಾರ ಎಣಿಸಿದಾಗ ಜೀವವಿದ್ದ ಗಿಡ ಐವತ್ತೆರಡು. ಆ ವಾರ ನೀರು ತಪ್ಪಿದರೆ ದಿನ್ನೆಗೆ ಗುದ್ದಲಿ ಬೀಳುವುದು ಖಾತ್ರಿಯಾಗಿತ್ತು.

ಏರಿನ ತಿರುವಿನಲ್ಲಿ ಗಾಲಿ ಕಲ್ಲಿಗೆ ಸಿಕ್ಕಿತು. ಎಷ್ಟು ಎಳೆದರೂ ಚಕ್ಕಡಿ ಹಿಂದಕ್ಕೇ ಜಾರುತ್ತಿತ್ತು. ಡ್ರಮ್ಮಿನ ನೀರು ತುಳುಕಿ, ತಿರುವಿನಲ್ಲಿ ನಾವು ಹಚ್ಚಿದ್ದ ಒಂದು ಬೇವಿನ ಸಸಿಯ ಬುಡಕ್ಕೆ ಚೆಲ್ಲಿತು. ನನಗೆ ಅಳು ಬರುವುದೊಂದು ಬಾಕಿ. ಆಗ ಕೆಳಗಿನಿಂದ ಅಪ್ಪ ಏರಿ ಬಂದ. ಬೈಯಲು ಬಂದನೆಂದುಕೊಂಡೆ. ಅವನು ರುಮಾಲು ಬಿಚ್ಚಿ, ಮಡಚಿ ಹೆಗಲ ಮೇಲೆ ಇಟ್ಟುಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿದ.

“ನೀ ಹಿಂದ ಹೋಗಿ ನೂಕ. ಎಡಗಡಿ ನಾ ಹಿಡೀತೀನಿ.”

“ಸೋಮವಾರ ಐತಲ್ಲಪಾ,” ಅಂದೆ.

“ಸೂಟಿ ಎತ್ತಿಗೈತಿ. ನನಗ ಯಾರ ಕೊಟ್ಟಾರ?”

ಅರವತ್ತು ದಾಟಿದ ಅಪ್ಪ, ಅವನ ಬದಿಗೆ ಚಾಚಾ. ಗಾಲಿ ಕಲ್ಲು ಹತ್ತಿ ಇಳಿಯಿತು. ಹಿಂದೆ ನೂಕುತ್ತಿದ್ದ ನನಗೆ ಡ್ರಮ್ಮುಗಳ ಸಂದಿಯಲ್ಲಿ ಅಪ್ಪನ ಬಾಗಿದ ಬೆನ್ನು ಕಾಣುತ್ತಿತ್ತು. ಆ ಬೇಸಿಗೆಯೆಲ್ಲ ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ. ಅವನ ಮೇಲೆ ಅಷ್ಟು ಪ್ರೀತಿ ಅದಕ್ಕೆ ಮುಂಚೆ ಬಂದದ್ದು ನನಗೆ ನೆನಪಿಲ್ಲ. ಮೇಲೆ ಮುಟ್ಟಿದ ಮೇಲೆ ಅಪ್ಪ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತ, “ಹಿಂದ ನೂಕಾವನೂ ಮೈಗಳ್ಳನ ಅದಾನ,” ಅಂದ.

ಮೃಗಶಿರಾ ಮಳೆ ಬಿದ್ದ ಮೇಲೆ ಚೇರ್ಮನ್ನರು ಬಂದು ತಾವೇ ಎಣಿಸಿದರು. ನಲವತ್ತೊಂಬತ್ತಕ್ಕೆ ನಿಂತಿತು. ಇನ್ನು ಉಳಿದದ್ದು ತಿರುವಿನ ಬೇವು. ಅದರಲ್ಲಿ ಒಂದು ಎಲೆಯೂ ಇಲ್ಲ, ಬರೀ ಕಡ್ಡಿ.

“ಇದ ಹೋಗೈತಿ,” ಅಂದರು.

ಅಪ್ಪ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನ ಉಗುರಿನಿಂದ ಕಡ್ಡಿಯ ಸಿಪ್ಪೆ ತುಸು ಕೆರೆದ. ಒಳಗೆ ಹಸಿರಿತ್ತು. ಚೇರ್ಮನ್ನರು ಬಗ್ಗಿ ನೋಡಿದರು, ಅಪ್ಪನ ಮುಖ ನೋಡಿದರು, ನಕ್ಕುಬಿಟ್ಟರು.

“ಆತ ಬಿಡಪಾ. ದಿನ್ನಿ ನಿಮ್ದ.”

ಮುಂದಿನ ಸೋಮವಾರ ಸತ್ತ ಗಿಡಗಳ ಜಾಗಕ್ಕೆ ಹೊಸ ಸಸಿ ಒಯ್ಯುವುದಿತ್ತು. ಚಕ್ಕಡಿಯ ಹತ್ತಿರ ಹೋಗಿ ನೋಡಿದರೆ, ನೊಗದ ಎರಡೂ ಕಡೆ ಅಪ್ಪನ ಹಳೇ ಧೋತರ ಹರಿದು ದಪ್ಪಗೆ ಸುತ್ತಿತ್ತು. ಬಲಗಡೆ ಚಾಚಾ ಆಗಲೇ ನಿಂತಿದ್ದ. ನಾನು ಎಡಗಡೆ ಹೆಗಲು ಕೊಡಲು ಬಾಗಿದೆ. ಕೊಟ್ಟಿಗೆಯಿಂದ ವಿಭೂತಿಯ ಕೈಯಲ್ಲೇ ಬಂದ ಅಪ್ಪ ನನ್ನ ತೋಳು ಹಿಡಿದು ಜಗ್ಗಿದ.

“ಸರೀಲೇ, ಅದ ನನ್ನ ಜಾಗಾ,” ಅಂದ.