ಔಷಧಿ ಎಲ್ಲಿಟ್ಟೀರಿ ಎಂದು ಕೇಳುವ ಪ್ರೊಫೆಸರ್

ಬೆಳಕು ಇನ್ನೂ ಪೂರಾ ಹರಿದಿಲ್ಲ. ಗೊರೇಬಾಳದ ಕಾಲುವೆ ಪಕ್ಕದ ಕಟ್ಟೆ ಮೇಲೆ ನಾಟಿಗೆ ಹೊರಟ ಹೆಣ್ಣುಮಕ್ಕಳು ಕೈ ಚಾಚಿ ಕುಂತಿದ್ದಾರೆ. ಡಾ. ಗಂಗಾ ಒಂದೊಂದು ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಿದ್ದಾರೆ.

"ಚಾ ಕುಡದ ಬಂದೀಯೇನವ್ವ?"

"ಎರಡ ಗುಟುಕ್ರಿ. ಅದಕ್ಕೂ ಚಾ ಅಂತಾರೇನ್ರಿ?"

ಇದು ಭಾನುವಾರದ ಮಾತು. ಉಳಿದ ಆರು ದಿನ ಗಂಗಾ ಲಿಂಗಸುಗೂರಿನ ಕಾಲೇಜಿನಲ್ಲಿ ಜೈವಿಕ ತಂತ್ರಜ್ಞಾನದ ಪ್ರಾಧ್ಯಾಪಕಿ. ಸಿಂಧನೂರಿನ ಮನೆಯಿಂದ ಮಸ್ಕಿ ಹಾದು ಹೋಗುವ ಏಳರ ಬಸ್ಸೇ ಅವರ ಓದಿನ ಕೋಣೆ. ಹದಿನೆಂಟು ವರ್ಷದಿಂದ ಒಂದೇ ಹಟ, ಇನ್ಸುಲಿನ್ ಸೂಜಿ ತಪ್ಪಿಸಿ ಮಾತ್ರೆ ಮಾಡಬೇಕು. "ಹೊಟ್ಟ್ಯಾಗಿನ ಹುಳಿ ಅದನ್ನ ಸುಮ್ನ ಬಿಡಂಗಿಲ್ರಿ. ಅದಕ್ಕ ಜಾಲಿ ಅಂಟಿನ ಅಂಗಿ ತೊಡಸಿ ಕಳಸಾಕತ್ತೀನಿ." ಇಲಿಗಳ ಹೊಟ್ಟೆಯಲ್ಲಿ ಆ ಅಂಗಿ ಹತ್ತರಲ್ಲಿ ನಾಲ್ಕು ಸಲ ಉಳಿಯುತ್ತದೆ, ಆರು ಸಲ ಕರಗುತ್ತದೆ.

ಕೂಲಿ ಮಾಡಿ ಅವರನ್ನು ಓದಿಸಿದ ಅವ್ವ ಕರೆಮ್ಮನಿಗೂ ಸಕ್ಕರೆ ಕಾಯಿಲೆ. ಹೋದ ಬೇಸಿಗೆಯಲ್ಲಿ ಕಾಲಿನ ಹೆಬ್ಬೆರಳ ಹುಣ್ಣು ಮಾಯಲೊಲ್ಲದಾಯಿತು. ಹದಿನೈದು ದಿನದಲ್ಲಿ ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕು ಎಂದುಬಿಟ್ಟರು ಡಾಕ್ಟರು. ದಿನಾ ಇನ್ಸುಲಿನ್ ಚುಚ್ಚಿಕೊಂಡರೂ ಸಕ್ಕರೆ ಮುನ್ನೂರರ ಕೆಳಗೆ ಬರದು.

"ಕದ್ದು ಬೆಲ್ಲ ತಿಂತೀಯವ್ವ ನೀ."

"ನಿನ್ನಾಣಿ ತಿಂದಿಲ್ಲಬೇ! ಎಷ್ಟ ಓದಿದ್ರೇನು, ಹೆತ್ತಾಕಿ ಮಾತು ನಂಬವಲ್ಲಿ."

ಮೂರು ದಿನ ತಾಯಿ-ಮಗಳ ನಡುವೆ ಮಾತಿಲ್ಲ. ಗೊರೇಬಾಳದ ಅವ್ವನ ಮನೆಗೆ ಫ್ರಿಜ್ ಕೊಡಿಸುತ್ತೇನೆಂದಾಗ "ಆ ತಂಗಳ ಪೆಟಗಿ ಒಲ್ಲೆ" ಎಂದಿದ್ದಳು ಕರೆಮ್ಮ. ಅದಕ್ಕೇ ಅವಳ ಔಷಧಿ ಬಾಬುಸಾಬರ ಕಿರಾಣಿ ಅಂಗಡಿಯಲ್ಲಿರುತ್ತಿತ್ತು. ನಾಲ್ಕನೆಯ ದಿನ ಅದನ್ನು ತರಲು ಗಂಗಾ ತಾವೇ ಹೋದರು. ಬಾಬುಸಾಬರು ಹೆಮ್ಮೆಯಿಂದ ಫ್ರಿಜ್ಜಿನ ಮಂಜುಗಡ್ಡೆಯ ಖಾನೆ ತೆರೆದರು.

"ಕರೆಮ್ಮಕ್ಕನ ದವಾ ಅಂದ್ರ ಸುಮ್ನೇನ್ರಿ ಮೇಡಂ? ಹಾಲು, ಸೋಡಾ ಎಲ್ಲಾ ಕೆಳಗ. ಇದಕ್ಕ ಎಲ್ಲಾದಕಿಂತ ತಂಪನ್ ಜಾಗ."

ಸೀಸೆಯೊಳಗೆ ಔಷಧಿ ಕಲ್ಲಾಗಿತ್ತು. ಮುಂಜಾನೆ ಕೊಡುವಾಗ ಅಂಗೈಯಲ್ಲಿ ಉಜ್ಜಿ ಕರಗಿಸಿ ಕೊಡುತ್ತಿದ್ದರಂತೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬಾರದು. ಅದನ್ನು ಹೊಟ್ಟೆಯ ಹುಳಿಯಿಂದ ಕಾಯಲು ಹೆಣಗಿದವರಿಗೆ, ಬಾಬುಸಾಬರ ಪ್ರೀತಿಯಿಂದಲೂ ಕಾಯಬೇಕೆಂದು ಹೊಳೆದೇ ಇರಲಿಲ್ಲ.

ಹೊಸ ಸೀಸೆ ಬಂತು. ಮನೆಯಲ್ಲೇ ಹಸಿ ಮರಳಿನ ಗಡಿಗೆಯಲ್ಲಿ ಅದಕ್ಕೆ ಜಾಗವಾಯಿತು. ಗಂಗಾ ಅವ್ವನ ಕಾಲು ಹಿಡಿದರು. "ತಪ್ಪಾತವ್ವ."

"ಕಾಲು ಬಿಡಬೇ, ಹುಣ್ಣೈತಿ!"

ಡಾಕ್ಟರು ಕೊಟ್ಟ ಗಡುವಿನೊಳಗೇ ಕರೆಮ್ಮನ ಸಕ್ಕರೆ ಇಳಿಯಿತು. ಈಗ ಯಾರ ಸಕ್ಕರೆ ಏರಿದ್ದರೂ ಗಂಗಾ ಮೊದಲು ಕೇಳುವುದು "ಔಷಧಿ ಎಲ್ಲಿಟ್ಟೀರಿ?" ಎಂದೇ. ಮೂವತ್ತಾರು ಮನೆಗಳಲ್ಲಿ ಮರಳಿನ ಗಡಿಗೆ ಇಡಿಸಿದ್ದಾರೆ. ಹನ್ನೊಂದು ಮನೆಗಳಲ್ಲಿ ಕೆಟ್ಟ ಸೀಸೆ ಸಿಕ್ಕಿವೆ.

ಮಾತ್ರೆ ಇನ್ನೂ ಪ್ರಯೋಗಾಲಯ ದಾಟಿಲ್ಲ. ಯಾವಾಗ ಆದೀತು ಎಂದರೆ ಗಂಗಾ ಬದುವಿನ ಕಡೆ ನೋಡುತ್ತಾರೆ. ಅಲ್ಲಿ ಕರೆಮ್ಮ ಚಪ್ಪಲಿ ಮೆಟ್ಟಿ, ಯಾರನ್ನೋ ಬೈಯುತ್ತಾ ದಾಪುಗಾಲು ಹಾಕುತ್ತಿದ್ದಾಳೆ.

"ಹದಿನೆಂಟು ವರ್ಷದಾಗ ನಾ ಉಳಿಸಿದ್ದು ಒಂದ ಬೆರಳ್ರಿ," ಎಂದು ನಗುತ್ತಾರೆ. "ಅದಿನ್ನೂ ಯಾವ ವಿಜ್ಞಾನ ಪತ್ರಿಕ್ಯಾಗೂ ಅಚ್ಚಾಗಿಲ್ಲ."